ಕೈ ನೋಡಿ, ಆಮೇಲೆ ಮುಖ: ಚಿತ್ರದೊಳಗಿನ ಹೆಣ್ಣಿನ ಬಗ್ಗೆ ಓದುಗರ ಪ್ರಶ್ನೆಗಳು

‘ನಿಮ್ಮ ಮನೆ ಗೋಡೆಯ ಚಿತ್ರದಲ್ಲಿರುವ ಹೆಂಗಸು ಯಾರು?’ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಸಾಗರ, ಸೊರಬ, ತೀರ್ಥಹಳ್ಳಿ ಕಡೆಯಿಂದ ಕಾಗದಗಳು ಬಂದಿವೆ. ಬಹುಪಾಲು ಎಲ್ಲರೂ ಮುಖದ ಚೆಲುವನ್ನೇ ಹಿಡಿದು ಬರೆದಿದ್ದಾರೆ. ಮುಖ ಆಮೇಲೆ ನೋಡಿ, ಮೊದಲು ಕೈ ನೋಡಿ ಅನ್ನುವುದು ನಮ್ಮ ಸಲಹೆ. ಕೈಯಲ್ಲಿ ಕೆಲಸ ಇದೆಯೋ, ಬರೀ ಒಡವೆ ಇದೆಯೋ, ಸುಮ್ಮನೆ ಮಡಿಲಲ್ಲಿ ಬಿದ್ದುಕೊಂಡಿದೆಯೋ ಎಂದು ಗಮನಿಸಿದರೆ, ಬರೆದವರು ಯಾರು, ದುಡ್ಡು ಕೊಟ್ಟು ಬರೆಸಿದವರು ಯಾರು ಅನ್ನುವುದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಮೈಸೂರಿಗೆ ಹೋದಾಗ ತಂದ ‘ದೀಪ ಹಿಡಿದ ಹೆಂಗಸು’ ಚಿತ್ರ ನಮ್ಮ ಜಗಲಿಯಲ್ಲಿ ಇಪ್ಪತ್ತು ವರ್ಷದಿಂದ ಇದೆ. ಬಂದವರಿಗೆಲ್ಲ ರವಿವರ್ಮನ ಚಿತ್ರ ಅಂತಲೇ ಹೇಳಿಕೊಂಡು ಬಂದಿದ್ದೇನೆ. ಈಗ ಮಗಳು ಅಲ್ಲ ಅನ್ನುತ್ತಾಳೆ. ಯಾರು ಸರಿ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಮಗಳೇ ಸರಿ. ಅದನ್ನು ಬರೆದವರು ಸಾವಂತವಾಡಿ ಮೂಲದ ಎಸ್. ಎಲ್. ಹಲ್ದಂಕರ್. ಕಾಲ 1945–46ರ ಸುಮಾರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೀಪ ಹಿಡಿದು ನಿಂತ ರೂಪದರ್ಶಿ ಹಲ್ದಂಕರರ ಮಗಳು ಗೀತಾ. ಅವರು ನೂರು ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ರವಿವರ್ಮನ ಚಿತ್ರಗಳೂ ಇದೂ ಒಂದೇ ಸೂರಿನಡಿ ಇರುವುದರಿಂದ ನೋಡಿ ಬಂದವರ ತಲೆಯಲ್ಲಿ ಎರಡೂ ಕಲಸಿಹೋಗುತ್ತವೆ. ಈ ತಪ್ಪು ನಿಮ್ಮೊಬ್ಬರದಲ್ಲ.

ಇನ್ನೊಂದು ವ್ಯತ್ಯಾಸ ಮಾಧ್ಯಮದ್ದು. ರವಿವರ್ಮನಿಗೆ ಹೆಸರು ತಂದದ್ದು ತೈಲವರ್ಣ; ಈ ದೀಪದ ಹೆಂಗಸು ಜಲವರ್ಣ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳ ಸಂದಿನಲ್ಲಿ ಕೆಂಪಗೆ ಕಾಣುವ ಬೆಳಕು ಈ ಚಿತ್ರದ ಜೀವ. ಮುಖ ಆ ಬೆಳಕಿನ ಸಾಲದಲ್ಲಿ ಕಾಣುತ್ತದೆ, ಅಷ್ಟೆ.

ಇದನ್ನು ನಕಲು ಮಾಡಿ ಕಲಿಯುವ ಮನಸ್ಸು ಮಗಳಿಗಿದ್ದರೆ 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ತೆಗೆದುಕೊಂಡು, ನಾಲ್ಕೂ ಅಂಚನ್ನು ಹಲಗೆಗೆ ಅಂಟಿಸಿಕೊಳ್ಳಲಿ. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದದ ಬಿಳಿಯೇ ಬೆಳಕು. ಆದ್ದರಿಂದ ಉರಿಯ ಜಾಗವನ್ನು ಖಾಲಿ ಬಿಡಬೇಕು. ಅದರ ಸುತ್ತ ತೆಳು ಹಳದಿ, ಒಣಗಿದ ಮೇಲೆ ಕಿತ್ತಳೆ, ಆಮೇಲೆ ಚರ್ಮದ ಕೆಂಪು, ಕಟ್ಟಕಡೆಗೆ ಹಿನ್ನೆಲೆಯ ಕತ್ತಲು. ಕತ್ತಲನ್ನು ಮೊದಲೇ ಹಾಕಿಬಿಟ್ಟರೆ ಬೆಳಕನ್ನು ವಾಪಸು ತರಲು ಆಗುವುದಿಲ್ಲ. ಇನ್ನು ನಿಮ್ಮೂರಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ. ತೇವದ ಗಾಳಿಯಲ್ಲಿ ಮೊದಲ ಪದರ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಅದರ ಮೇಲೆ ಎರಡನೆಯದು ಬಿದ್ದರೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ, ಮುಖದ ಮೇಲೆ ಅದು ಎದ್ದರೆ ಕಾಗದವನ್ನೇ ಎಸೆಯಬೇಕು.

ಪ್ರಶ್ನೆ: ಅಜ್ಜಿಯ ಕಾಲದ ಲಕ್ಷ್ಮಿ ಪಟ ಇದೆ. ಸೀರೆಯ ಮೇಲೆ ನಿಜವಾದ ಜರಿ, ಮಣಿ ಅಂಟಿಸಿದ್ದಾರೆ. ಗಾಜಿನೊಳಗೆ ಬಿಳಿ ಬೂಷ್ಟು ಹಿಡಿದಿದೆ. ಇದು ಹಳೆಯ ರವಿವರ್ಮ ಪ್ರೆಸ್ಸಿನದೇ ಎಂದು ತಿಳಿಯುವುದು ಹೇಗೆ? ಬೂಷ್ಟು ಒರೆಸಬಹುದೆ?
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಒರೆಸಬೇಡಿ. ಮೊದಲು ಪಟ ಯಾವುದೆಂದು ನೋಡೋಣ.

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದ. ಮುಂದೆ ಅದು ಲೋಣಾವಳದ ಹತ್ತಿರದ ಮಳವಳಿಗೆ ಹೋಗಿ, ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಕೈಗೆ ಸೇರಿತು. ಚಿತ್ರವನ್ನು ಬಣ್ಣಕ್ಕೊಂದರಂತೆ ಬೇರೆ ಬೇರೆ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಕೈಯಿಂದಲೇ ಚುಕ್ಕಿ ಚುಕ್ಕಿ ಇಟ್ಟು ಬರೆದು, ಒಂದರ ಮೇಲೊಂದು ಒತ್ತುತ್ತಿದ್ದರು. ಕೊನೆಗೆ ವಾರ್ನಿಷ್. ಆದ್ದರಿಂದ ಪರೀಕ್ಷೆ ಸುಲಭ: ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತಂದು ಲಕ್ಷ್ಮಿಯ ಕೆನ್ನೆ ನೋಡಿ. ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗೆ ದೊಡ್ಡವು ಸಣ್ಣವು ಬೆರೆತು, ಅಡ್ಡಾದಿಡ್ಡಿ ಇದ್ದರೆ ಕಲ್ಲಚ್ಚು. ಜೋಳದ ತೆನೆಯ ಹಾಗೆ ಸಾಲುಸಾಲಾಗಿ, ಒಂದೇ ಅಂತರದಲ್ಲಿ ಇದ್ದರೆ ಅದು ಈಚಿನ ಆಫ್‌ಸೆಟ್ ಪ್ರತಿ. ಕೆಳ ಅಂಚಿನಲ್ಲಿ ಪ್ರೆಸ್ಸಿನ ಹೆಸರು, ಕಾರ್ಲಾ–ಲೋಣಾವಳ ಎಂದು ಇದ್ದರೂ ಅದೊಂದನ್ನೇ ನಂಬಬೇಡಿ. ನಕಲು ಮಾಡುವವರು ಹೆಸರನ್ನೂ ಸೇರಿಸಿಯೇ ನಕಲು ಮಾಡುತ್ತಾರೆ. ಚುಕ್ಕಿಯನ್ನು ನಂಬಿ.

ಜರಿ, ಮಣಿ ಕಿತ್ತು ‘ಮೂಲ ರೂಪಕ್ಕೆ ತರುತ್ತೇನೆ’ ಎಂದು ಯಾರಾದರೂ ಅಂದರೆ ಪಟ ಅವರ ಕೈಗೆ ಕೊಡಬೇಡಿ. ಅಂಗಡಿಯಿಂದ ತಂದ ಲಕ್ಷ್ಮಿಗೆ ಮನೆಯ ಹೆಂಗಸರು ಸೂಜಿ, ಅಂಟು ಹಿಡಿದು ಸೀರೆ ಉಡಿಸಿದ ಕೆಲಸ ಅದು. ಅಚ್ಚಾದ ಚಿತ್ರ ಸಾವಿರ ಮನೆಯಲ್ಲಿ ಇದ್ದೀತು, ಆ ಜರಿಕೆಲಸ ನಿಮ್ಮ ಮನೆಯಲ್ಲಿ ಮಾತ್ರ.

ಈಗ ಬೂಷ್ಟು. ಜನವರಿಯಿಂದ ಮಾರ್ಚ್ ಒಳಗೆ, ಒಣ ದಿನ ನೋಡಿ ಪಟ ಇಳಿಸಿ. ಚಿತ್ರ ಗಾಜಿಗೆ ಅಂಟಿಕೊಂಡಿದೆಯೇ ಎಂದು ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿ. ಅಂಟಿದ ಕಡೆ ಒದ್ದೆಯಾದ ಹಾಗೆ ಗಾಢವಾಗಿ ಕಾಣುತ್ತದೆ. ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಗಾಜಿನ ಮೇಲಿಂದಲೇ ಫೋಟೊ ತೆಗೆದಿಟ್ಟು, ಕಾಗದ ಸಂರಕ್ಷಣೆ ಕಲಿತವರಿಗೆ ತೋರಿಸಿ. ಎಳೆದರೆ ವಾರ್ನಿಷ್ ಜೊತೆ ಮುಖವೂ ಗಾಜಿಗೆ ಹೋಗುತ್ತದೆ. ಅಂಟಿಲ್ಲದಿದ್ದರೆ, ಹಾಸಿದ ಹತ್ತಿ ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಹಿಂದಿನ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ತೆಗೆಯಿರಿ. ಚಿತ್ರವನ್ನು ನೆರಳಲ್ಲಿ, ದೂರದ ಫ್ಯಾನ್ ಗಾಳಿಗೆ ಎರಡು ಮೂರು ದಿನ ಬಿಡಿ. ಬಿಸಿಲಿಗೆ ಇಟ್ಟರೆ ಕಾಗದ ಸುರುಳಿಯಾಗಿ ವಾರ್ನಿಷ್ ಬಿರಿಯುತ್ತದೆ. ಬೂಷ್ಟು ಪುಡಿಪುಡಿಯಾಗಿ ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಕಟ್ಟಿ, ಅಂಗಳದಲ್ಲಿ, ಮೆತ್ತನೆಯ ಬ್ರಷ್ಷಿನಲ್ಲಿ ಒಳಗಿಂದ ಹೊರಕ್ಕೆ ಸವರಿ. ಜರಿ ಇರುವ ಜಾಗ ಮುಟ್ಟಬೇಡಿ. ಹಳೆಯ ಗೋಂದು ಅಥವಾ ಮೈದಾ ಅಂಟು ಒಣಗಿ ಹೋಗಿರುತ್ತದೆ, ಬ್ರಷ್ ತಾಗಿದರೆ ಮಣಿ ಉದುರುತ್ತದೆ. ನೀರು, ಸ್ಪಿರಿಟ್, ಸೀಮೆಎಣ್ಣೆ, ನಿಂಬೆರಸ ಯಾವುದೂ ಬೇಡ. ಕಂದು ಚುಕ್ಕೆಗಳು ಹೋಗುವುದಿಲ್ಲ, ಹೋಗಿಸಲು ಹೊರಡಲೂಬಾರದು. ಹರಿದಿದ್ದರೆ ಸೆಲ್ಲೊಟೇಪ್, ಫೆವಿಕಾಲ್ ಹಾಕಬೇಡಿ: ಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಫೆವಿಕಾಲ್ ಮತ್ತೆ ಬಿಡುವುದಿಲ್ಲ.

ಮತ್ತೆ ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಕಾಲು ಇಂಚಿನಷ್ಟು ಸಂದು ಇರಲಿ, ಮಣಿ ದಪ್ಪ ಇದ್ದರೆ ಇನ್ನೂ ಹೆಚ್ಚು. ಬೂಷ್ಟಿಗೆ ಮೂಲವೇ ಗಾಜು–ಕಾಗದ ಒಂದಕ್ಕೊಂದು ತಾಗಿದ್ದು. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ಬಿರಡೆ ತುಂಡು ಅಂಟಿಸಿದರೆ ಗೋಡೆಯ ಥಂಡಿ ಪಟಕ್ಕೆ ಬಡಿಯುವುದಿಲ್ಲ. ಮಳೆ ಹೊಡೆಯುವ ಪಡುವಣ ಗೋಡೆ ಬೇಡ, ಒಳಗೋಡೆಗೆ ತೂಗುಹಾಕಿ. ದೇವರ ಮನೆಯಲ್ಲೇ ಇಡಬೇಕು ಎಂದಿದ್ದರೆ ದೀಪದ ನೇರ ಮೇಲೆ ಬೇಡ.

ಪ್ರಶ್ನೆ: ರವಿವರ್ಮನ ಹೆಂಗಸರೆಲ್ಲ ಒಂದೇ ಥರ ಕಾಣುವುದೇಕೆ?
– ಪಿಯು ವಿದ್ಯಾರ್ಥಿನಿ, ಹೊಸನಗರ

ಉತ್ತರ: ಬಟ್ಟೆ ಬೇರೆ, ಮುಖ ಒಂದೇ ಎನ್ನುವುದು ಹಳೆಯ ದೂರು. ಜಗನ್ಮೋಹನ ಅರಮನೆಯಲ್ಲಿ, 1889ರ ಸುಮಾರಿಗೆ ಮೈಸೂರು ಅರಸರಿಗಾಗಿ ಬರೆದ ಗಾಯಕಿಯರ ಗುಂಪಿನ ಚಿತ್ರವಿದೆ. ಹನ್ನೊಂದು ಮಂದಿ ಹೆಂಗಸರು, ಒಬ್ಬೊಬ್ಬರದೂ ಒಂದೊಂದು ಸೀಮೆಯ ಉಡುಗೆ. ಉಡುಗೆಯಿಂದ ಊರು ಹೇಳಬಹುದು, ಮುಖದಿಂದ ಆಗುವುದಿಲ್ಲ. ದೇಶಕ್ಕೆಲ್ಲ ಒಪ್ಪುವ ಒಂದು ‘ಭಾರತೀಯ ಹೆಣ್ಣು’ ಬೇಕಾಗಿದ್ದ ಕಾಲ ಅದು. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ 2000–2004ರ ಅವಧಿಯಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಫೋಟೊಗಳಲ್ಲಿ ತಾವೇ ರವಿವರ್ಮನ ಲಕ್ಷ್ಮಿಯ ವೇಷ ಹಾಕಿ ನಿಂತರು. ಸುಲಭವಾಗಿ ಕಂಡ ಆ ಭಂಗಿಯಲ್ಲಿ ಎಷ್ಟು ನಾಟಕವಿದೆ ಎಂದು ಅದನ್ನು ನೋಡಿದ ಕೂಡಲೇ ಹೊಳೆಯುತ್ತದೆ.

ಪ್ರಶ್ನೆ: ನವತಾಳ ಎಂದು ಪುಸ್ತಕದಲ್ಲಿ ಓದಿ ಸರಸ್ವತಿಯನ್ನು ಬರೆದೆ. ಜಾಹೀರಾತಿನ ಹುಡುಗಿಯ ಹಾಗೆ ಉದ್ದಕ್ಕೆ ಬಂದಿದ್ದಾಳೆ. ತಪ್ಪು ಎಲ್ಲಾಯಿತು? ಮೈಸೂರು ಶೈಲಿಯ ಚಿನ್ನದ ಕೆಲಸವೂ ಎರಡೇ ತಿಂಗಳಲ್ಲಿ ಕಿತ್ತು ಬಂತು.
– ಚಿತ್ರಕಲಾ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನವತಾಳ ಎಂದರೆ ಮೂರ್ತಿಯ ಎತ್ತರ ಒಂಬತ್ತು ತಾಳ. ನೀವು ತಾಳ ಎಂದರೆ ತಲೆ ಎಂದುಕೊಂಡಿರಿ. ತಾಳ ಎಂದರೆ ಮುಖ: ಹಣೆಯ ಮೇಲೆ ಕೂದಲು ಶುರುವಾಗುವಲ್ಲಿಂದ ಗಲ್ಲದ ತುದಿವರೆಗೆ. ಅದು 12 ಅಂಗುಲ. ಮುಡಿ, ಕಿರೀಟ ಲೆಕ್ಕಕ್ಕಿಲ್ಲ. ಇಡೀ ತಲೆಯನ್ನು ಒಂದು ತಾಳ ಮಾಡಿ ಒಂಬತ್ತು ಬಾರಿ ಅಳೆದರೆ ಮೂರ್ತಿ ಹಿಗ್ಗಲೇಬೇಕು.

ಲೆಕ್ಕ ಹೀಗೆ: ಮುಖ 12, ಕುತ್ತಿಗೆ 4, ಕುತ್ತಿಗೆಯಿಂದ ಎದೆ 12, ಎದೆಯಿಂದ ಹೊಕ್ಕುಳು 12, ಹೊಕ್ಕುಳಿಂದ ತೊಡೆಮೂಲ 12, ತೊಡೆ 24, ಮಂಡಿ 4, ಕಣಕಾಲು 24, ಪಾದದ ಎತ್ತರ 4. ಒಟ್ಟು 108 ಅಂಗುಲ. ನಿಂತ ಮೂರ್ತಿ 18 ಇಂಚು ಬೇಕಾದರೆ ಮುಖ 2 ಇಂಚು, ಒಂದು ಅಂಗುಲ ಇಂಚಿನ ಆರನೇ ಒಂದು ಭಾಗ. ಇಲ್ಲಿನ ಅಂಗುಲ ಅಳತೆಪಟ್ಟಿಯದಲ್ಲ, ಚಿತ್ರದೊಳಗಿನದು. ಒಂದು ಕಾಗದದ ಪಟ್ಟಿಯಲ್ಲಿ ಈ ಗುರುತುಗಳನ್ನು ಮಾಡಿಟ್ಟುಕೊಂಡರೆ ಪ್ರತಿ ಸಲ ಭಾಗಾಕಾರ ಮಾಡುವ ಕಷ್ಟ ತಪ್ಪುತ್ತದೆ. ಈ ಅಳತೆ ಎದುರಿಗೆ ಕೂರಿಸಿ ಬರೆದ ಯಾವ ಹೆಣ್ಣಿನದೂ ಅಲ್ಲ. ರೂಪ ಹೇಳುವುದು ಧ್ಯಾನಶ್ಲೋಕ, ಅಳತೆ ಹೇಳುವುದು ಶಾಸ್ತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಗ್ರಂಥದ ತುಂಬ ಇಂಥ ಧ್ಯಾನರೂಪಗಳೇ. ಸರಸ್ವತಿ ಯಾರನ್ನೂ ಹೋಲಬಾರದು. ವೀಣೆಯ ಮೇಲಿನ ಬೆರಳು ಮಾತ್ರ ನುಡಿಸಬಲ್ಲ ಬೆರಳಾಗಿರಬೇಕು.

ಚಿನ್ನದ ವಿಷಯ. ಉಬ್ಬು ಕೆಲಸಕ್ಕೆ ಹಳಬರು ಸಫೇದ ಪುಡಿ, ರೇವಲ್‌ಚಿನ್ನಿ ಹಾಲು (ಒಂದು ಬಗೆಯ ಹಳದಿ ಮರದಂಟು), ಗೋಂದು ಅರೆದು ಬಳಸುತ್ತಿದ್ದರು. ಹಳೆಯ ಸಫೇದ ಎಂದರೆ ಸೀಸದ ಬಿಳಿ, ವಿಷ. ಬ್ರಷ್ಷಿನ ತುದಿ ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರಂತೂ ಅದನ್ನು ಮುಟ್ಟಲೇಬೇಡಿ. ನುಣ್ಣಗೆ ಜರಡಿ ಹಿಡಿದ ಸೀಮೆಸುಣ್ಣದ ಪುಡಿ ಸಾಕು. ಗೋಂದು ಹೆಚ್ಚಾದರೆ ಒಣಗುವಾಗ ಎಳೆದು ಬಿರುಕು ಬಿಡುತ್ತದೆ. ಕಮ್ಮಿಯಾದರೆ ಪುಡಿಯಾಗಿ ಚಿನ್ನವನ್ನೂ ಕರೆದುಕೊಂಡು ಏಳುತ್ತದೆ. ನಿಮ್ಮದು ಎರಡನೆಯದಿರಬೇಕು. ಒಂದು ತುಂಡು ಹಲಗೆಯ ಮೇಲೆ ಗೆರೆ ಎಳೆದು, ಒಂದು ದಿನ ಒಣಗಿಸಿ, ಬೆರಳಲ್ಲಿ ಉಜ್ಜಿ ನೋಡಿ. ಪುಡಿ ಬೆರಳಿಗೆ ಬಂದರೆ ಗೋಂದು ಸಾಲದು. ಮೈಸೂರು ಶೈಲಿಯಲ್ಲಿ ಉಬ್ಬು ತೆಳುವಾಗಿರಬೇಕು. ತಂಜಾವೂರಿನ ಹಾಗೆ ದಪ್ಪ ಕಟ್ಟಿ ಕಲ್ಲು ಕೂರಿಸುವುದಿಲ್ಲ. ಒಂದೇ ಸಲ ದಪ್ಪ ಹಾಕದೆ ತೆಳುವಾಗಿ ಮೂರ್ನಾಲ್ಕು ಸಲ, ಪ್ರತಿ ಸಲ ಪೂರ್ತಿ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆರೆ, ಬಣ್ಣದ ಕೆಲಸ ಇಟ್ಟುಕೊಳ್ಳಿ, ಚಿನ್ನವನ್ನು ದೀಪಾವಳಿ ಕಳೆದ ಮೇಲೆ.

ಪ್ರಶ್ನೆ: ಅಜಂತಾದಲ್ಲಿ ರಾಣಿಯರೇ ಮೇಲೆ ಬಟ್ಟೆಯಿಲ್ಲದೆ ಇದ್ದಾರೆ, ದಾಸಿಯರು ರವಿಕೆ ತೊಟ್ಟಿದ್ದಾರೆ. ಇದು ತಿರುಗುಮುರುಗಲ್ಲವೆ?
– ನಿವೃತ್ತ ನೌಕರರು, ಭದ್ರಾವತಿ

ಉತ್ತರ: ನಮ್ಮ ಕಣ್ಣಿಗೆ ತಿರುಗುಮುರುಗು. ಮೈ ಮುಚ್ಚಿದಷ್ಟೂ ಮರ್ಯಾದೆ ಎಂಬ ಲೆಕ್ಕವನ್ನು ಐದನೆಯ ಶತಮಾನದ ಗೋಡೆಗೆ ಹಚ್ಚಿದರೆ ಹಾಗೇ ಕಾಣುತ್ತದೆ. ಅಲ್ಲಿ ಅಂತಸ್ತು ತೋರಿಸುವುದು ಒಡವೆ, ಮುಡಿ, ಕೂತ ಜಾಗ. ಹೊಲಿದ ಕುಪ್ಪಸ ಬಹಳ ಕಡೆ ಸೇವಕಿಯರ, ನರ್ತಕಿಯರ ಉಡುಪು. ಒಂದನೇ ಗುಹೆಯ ಮಹಾಜನಕ ಜಾತಕದ (ಬುದ್ಧನ ಹಿಂದಿನ ಜನ್ಮದ ಕತೆ) ನರ್ತಕಿಯನ್ನು ನೋಡಿ, ಮೈತುಂಬ ಹೊಲಿದ ಅಂಗಿ. ಇನ್ನು ‘ಬಟ್ಟೆಯಿಲ್ಲ’ ಎನ್ನುವ ಮೊದಲು ಹತ್ತಿರ ನಿಲ್ಲಿ. ತೊಡೆಯ ಮೇಲೆ, ತೋಳಿನ ಮೇಲೆ ಎಳೆದ ತೆಳು ಗೆರೆಗಳು ನವಿರು ಬಟ್ಟೆಯ ಅಂಚು. ಬಣ್ಣ ಮಾಸಿದ ಕಡೆ ಮೊದಲು ಹೋಗುವುದೂ ಅವೇ. 17ನೇ ಗುಹೆಯ ಪ್ರಸಾಧನದ ದೃಶ್ಯದಲ್ಲಿ ಕನ್ನಡಿ ಹಿಡಿದ ರಾಣಿಯ ಬೆರಳುಗಳನ್ನು ನೋಡದೆ ಬರಬೇಡಿ.

ದೂರ ಹೋಗಲಾಗದವರಿಗೆ ಬಾದಾಮಿ ಇದೆ. ಚಾಲುಕ್ಯರ ಮಂಗಳೇಶ ಕೊರೆಯಿಸಿದ ಮೂರನೇ ಗುಹೆ, ಶಾಸನದ ವರ್ಷ ಕ್ರಿ.ಶ. 578. ಚಾವಣಿಯ ಅಂಚಿನಲ್ಲಿ ಉಳಿದಿರುವುದು ತುಣುಕುಗಳಷ್ಟೆ. ಚಿಕ್ಕ ದುರ್ಬೀನು ಜೊತೆಗಿರಲಿ. ಸೀರೆಯನ್ನೇ ನೋಡಬೇಕೆಂದರೆ ಲೇಪಾಕ್ಷಿ: ಹದಿನಾರನೇ ಶತಮಾನದ ವೀರಭದ್ರ ದೇಗುಲದ ಚಾವಣಿಯಲ್ಲಿ ಪಟ್ಟೆ, ಹೂ, ಚೌಕುಳಿ ಎಲ್ಲ ಇವೆ. ನೆಲದ ಮೇಲೆ ಮಲಗಿ ನೋಡುವುದು ಉತ್ತಮ, ಕತ್ತು ಉಳಿಯುತ್ತದೆ. ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳಲ್ಲಂತೂ ಪಕ್ಕಕ್ಕೆ ತಿರುಗಿದ ಮುಖದ ಆಚೆಬದಿಯ ಕಣ್ಣು ಕೆನ್ನೆಯ ಗೆರೆ ದಾಟಿ ಹೊರಗೆ ಚಾಚಿಕೊಂಡಿರುತ್ತದೆ. ಅದು ಕೈತಪ್ಪಲ್ಲ, ಆ ಶೈಲಿಯ ರುಜು.

ಪ್ರಶ್ನೆ: ಯುರೋಪಿನ ಚಿತ್ರಗಳಲ್ಲಿ ಇಷ್ಟೊಂದು ಬೆತ್ತಲೆ ಹೆಂಗಸರು ಏಕೆ? ಮಗಳು ಕಲಾ ಕಾಲೇಜು ಸೇರಿದ್ದಾಳೆ, ಅವಳ ಪುಸ್ತಕ ತೆರೆದರೆ ಮುಜುಗರ.
– ಶಿಕ್ಷಕರು, ಸಾಗರ

ಉತ್ತರ: ಬರೆದವರೂ ಕೊಂಡವರೂ ಬಹುಪಾಲು ಗಂಡಸರಾಗಿದ್ದರು. ಪುರಾಣದ, ಬೈಬಲ್ಲಿನ ಹೆಸರಿಟ್ಟರೆ ಮನೆಯಲ್ಲಿ ತೂಗುಹಾಕಲು ಅಡ್ಡಿಯಿರಲಿಲ್ಲ. ಹೆಂಗಸರು ಬರೆಯಬೇಕೆಂದರೆ ಬಾಗಿಲೇ ಮುಚ್ಚಿತ್ತು. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್. ಜೋಹಾನ್ ಜೊಫಾನಿ 1771–72ರಲ್ಲಿ ಆ ಸದಸ್ಯರ ಗುಂಪಿನ ಚಿತ್ರ ಬರೆದ. ಕೋಣೆಯಲ್ಲಿ ನಗ್ನ ರೂಪದರ್ಶಿ ಗಂಡಸು ಇದ್ದಾನೆ; ಹೆಂಗಸರು ಅಲ್ಲಿರಕೂಡದು. ಆದ್ದರಿಂದ ಆ ಇಬ್ಬರು ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ಮಾತ್ರ ಕಾಣುತ್ತಾರೆ! ಸದಸ್ಯೆಯರೇ ಪಟವಾಗಿಹೋದರು. ಅಲ್ಲಿ ವಿದ್ಯಾರ್ಥಿನಿಯರಿಗೆ ರೂಪದರ್ಶಿ ತರಗತಿಯ ಬಾಗಿಲು ತೆರೆದದ್ದು 1893ರಲ್ಲಿ, ಅದೂ ಷರತ್ತುಗಳೊಡನೆ. ಆ ಇಬ್ಬರ ನಂತರ ಪೂರ್ಣ ಸದಸ್ಯತ್ವ ಸಿಕ್ಕ ಮೊದಲ ಹೆಂಗಸು ಲಾರಾ ನೈಟ್, 1936ರಲ್ಲಿ. ಆಕೆ 1913ರಲ್ಲೇ ಕುಂಚ ಹಿಡಿದ ತನ್ನನ್ನೂ ಎದುರಿನ ನಗ್ನ ರೂಪದರ್ಶಿಯನ್ನೂ ಒಂದೇ ಚಿತ್ರದಲ್ಲಿ ಬರೆದಿದ್ದಳು.

ಪುಸ್ತಕ ಮುಚ್ಚಿಡಬೇಡಿ, ಮಗಳ ಜೊತೆ ಕೂತು ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಬೈಬಲ್ ಸಂಪ್ರದಾಯದಲ್ಲಿ ಸುಸಾನಾ ಎಂಬಾಕೆಯ ಕತೆಯಿದೆ. ಸ್ನಾನಕ್ಕೆ ಕೂತವಳನ್ನು ಇಬ್ಬರು ಮುದುಕರು ಕದ್ದು ನೋಡಿ ಬೆದರಿಸುತ್ತಾರೆ. ಇಟಲಿಯ ಚಿತ್ರಕಾರ ಟಿಂಟೊರೆಟ್ಟೊ ಬರೆದ ಸುಸಾನಾ ಕನ್ನಡಿ ನೋಡಿಕೊಂಡು ನೆಮ್ಮದಿಯಾಗಿದ್ದಾಳೆ. ಮುದುಕರ ಜೊತೆ ನಾವೂ ಕದ್ದು ನೋಡುವವರೇ. 1610ರಲ್ಲಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಎಂಬ ಹದಿನೇಳರ ಹುಡುಗಿ ಅದೇ ಕತೆ ಬರೆದಳು. ಅವಳ ಸುಸಾನಾಳ ಮೈ ತಿರುಚಿದೆ, ಎರಡೂ ಕೈ ಮುದುಕರನ್ನು ತಳ್ಳಲು ಎದ್ದಿವೆ. ಎರಡೂ ಬೆತ್ತಲೆಯೇ. ಫ್ರಾನ್ಸಿನ ಚಿತ್ರಕಾರ ಮಾನೆ 1863ರಲ್ಲಿ ಬರೆದ ಒಲಿಂಪಿಯಾ ನಮ್ಮನ್ನೇ ದಿಟ್ಟಿಸಿ ನೋಡುತ್ತಾಳೆ. ರೂಪದರ್ಶಿಯಾಗಿದ್ದ ವಿಕ್ಟೋರಿನ್ ಮ್ಯೂರಾಂ ತಾನೂ ಚಿತ್ರಕಾರ್ತಿ ಎನ್ನುವುದನ್ನು ಪುಸ್ತಕಗಳು ಬಹಳ ಕಾಲ ಮರೆತಿದ್ದವು. 1989ರಲ್ಲಿ ಗೆರಿಲ್ಲಾ ಗರ್ಲ್ಸ್ ಎಂಬ ಕಲಾವಿದೆಯರ ಗುಂಪು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಎಣಿಸಿ ಪೋಸ್ಟರ್ ಹಾಕಿತು: ಆಧುನಿಕ ವಿಭಾಗದ ಕಲಾವಿದರಲ್ಲಿ ಹೆಂಗಸರು 5%ಕ್ಕೂ ಕಮ್ಮಿ, ಬೆತ್ತಲೆ ಚಿತ್ರಗಳಲ್ಲಿ ಹೆಂಗಸರು 85%.

ಪ್ರಶ್ನೆ: ಅಮೃತಾ ಶೇರ್‌ಗಿಲ್ ಚಿತ್ರದ ಹುಡುಗಿಯರಿಗೆ ನಗುವೇ ಇಲ್ಲವೆ?
– ಓದುಗರು, ಶಿಕಾರಿಪುರ

ಉತ್ತರ: ಇಲ್ಲ. 1935ರ ‘ಮೂವರು ಹುಡುಗಿಯರು’ ನೋಡಿ: ಕಣ್ಣು ಕೆಳಗೆ, ಕೈ ಮಡಿಲಲ್ಲಿ ಸುಮ್ಮನೆ. ಮದುವೆ ಗೊತ್ತಾಗುವವರೆಗೆ ಕಾಯುವ ಕೈಗಳು ಎಂದು ನಾವು ಓದುತ್ತೇವೆ, ನೀವು ಬೇರೆ ಓದಬಹುದು. ಅಜಂತಾ ನೋಡಿ ದಕ್ಷಿಣಕ್ಕೆ ಬಂದು ಹೋದ ಮೇಲೆ, 1937ರಲ್ಲಿ ‘ವಧುವಿನ ಅಲಂಕಾರ’ ಬರೆದಾಗಲೂ ವಧು ನಗಲಿಲ್ಲ. ಆಕೆ ಬದುಕಿದ್ದೇ 28 ವರ್ಷ, 1913ರಿಂದ 1941.

ಪ್ರಶ್ನೆ: ಶಾಲೆಯ ಗೋಡೆಗೆ ಮಕ್ಕಳಿಂದ ಹಸೆ ಚಿತ್ತಾರ ಬರೆಸಬೇಕು. ಅಕ್ಕಿ ಹಿಟ್ಟು ಉದುರುತ್ತಿದೆ. ಜೊತೆಗೆ ಮಕ್ಕಳ ಪ್ರಶ್ನೆ: ‘ಮದುಮಗಳಿಗೆ ಕಣ್ಣು ಮೂಗು ಯಾಕಿಲ್ಲ?’
– ಶಿಕ್ಷಕಿ, ಸೊರಬ

ಉತ್ತರ: ಮಕ್ಕಳ ಪ್ರಶ್ನೆಗೆ ಮೊದಲು. ಇಷ್ಟು ಹೊತ್ತು ಮಾತಾಡಿದ ಚಿತ್ರಗಳಲ್ಲಿ ಹೆಣ್ಣನ್ನು ದೂರದಿಂದ ನೋಡಿದವರೇ ಹೆಚ್ಚು. ಚಿತ್ತಾರವನ್ನು ಮಲೆನಾಡಿನ ದೀವರ ಸಮುದಾಯದ ಹೆಂಗಸರೇ ತಮ್ಮ ಮನೆಯ ಗೋಡೆಗೆ ಬರೆಯುವುದು. ದಂಡಿಗೆಯಲ್ಲಿ ಕೂತ ಮದುಮಗಳು ಮೂರು ನಾಲ್ಕು ಗೆರೆ, ಒಂದೆರಡು ತ್ರಿಕೋನ. ಮುಂದಿನ ಮದುವೆಗೆ ಬೇರೊಬ್ಬಳು ಅದೇ ಹಸೆಯ ಮೇಲೆ ಕೂರುತ್ತಾಳೆ. ಮುಖ ಬರೆದರೆ ಅದು ಒಬ್ಬಳದೇ ಆಗಿಬಿಡುತ್ತದಲ್ಲ? ಗೆರೆಗಳ ಎಣಿಕೆಯಲ್ಲಿ ಮಾತ್ರ ರಿಯಾಯಿತಿಯಿಲ್ಲ. ಅವಕ್ಕೆ ಎಳೆ ಎನ್ನುತ್ತಾರೆ. ನಿಲಿ, ಜೋಗಿ ಜಡೆ ಎಂದು ವಿನ್ಯಾಸಗಳಿಗೆಲ್ಲ ಹೆಸರುಂಟು. ಊರಿನ ಹಿರಿಯ ಚಿತ್ತಾರಗಿತ್ತಿಯನ್ನು ಒಂದು ದಿನ ಶಾಲೆಗೆ ಕರೆಸಿ, ಪುಸ್ತಕಕ್ಕಿಂತ ಅದು ಮೇಲು. ಕರೆಸಿದರೆ ಆ ದಿನದ ಕೂಲಿ ಕೊಡುವುದು ಮರೆಯಬೇಡಿ.

ಉದುರುವುದಕ್ಕೆ ಕಾರಣ ಬಹುಶಃ ಗೋಡೆ. ಪೇಂಟು ಹೊಡೆದ ಸಿಮೆಂಟು ನೀರು ಕುಡಿಯುವುದಿಲ್ಲ, ಹಿಟ್ಟು ಮೇಲೇ ಕೂತು ಒಣಗಿ ಸಿಪ್ಪೆಯಾಗಿ ಏಳುತ್ತದೆ. ನಾಲ್ಕಡಿ ಚೌಕದ ಜಾಗಕ್ಕೆ ಒಂದು ಕಿಲೋ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಒಂದು ಹಿಡಿ ಸಗಣಿ ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಪೇಂಟನ್ನು ಮೊದಲು ಉಪ್ಪುಕಾಗದದಲ್ಲಿ ತರಿ ಮಾಡಿಕೊಳ್ಳಿ, ಮೊದಲ ಪದರಕ್ಕೆ ಎರಡು ಚಮಚ ಗೋಂದಿನ ನೀರು ಬೆರೆಸಿ. ತೆಳುವಾಗಿ ಎರಡು ಸಲ ಬಳಿದು, ಅಂಗೈ ಇಟ್ಟರೆ ತಣ್ಣಗೆ ತಾಗದಷ್ಟು ಒಣಗಿಸಿ.

ಬಿಳಿಗೆ ಕಾಲು ಕಿಲೋ ಬೆಳ್ತಿಗೆ ಅಕ್ಕಿಯನ್ನು ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ. ಕುಸುಬಲಕ್ಕಿ ಬೇಡ, ಹಳದಿ ಬಿಳಿ ಬರುತ್ತದೆ. ಹದ ಗಟ್ಟಿ ಮಜ್ಜಿಗೆಯದು. ಇನ್ನೂ ದಪ್ಪವಾದರೆ ಬಿರಿಯುತ್ತದೆ, ತೆಳುವಾದರೆ ಕೆಂಪು ಹಣಕುತ್ತದೆ. ಎರಡನೇ ದಿನಕ್ಕೆ ಹುಳಿ ಬರುವುದರಿಂದ ಆ ದಿನದ್ದು ಆ ದಿನವೇ ರುಬ್ಬಿ. ಕಪ್ಪಿಗೆ ಅದೇ ಅಕ್ಕಿಯನ್ನು ಇದ್ದಿಲಾಗುವವರೆಗೆ ಹುರಿದು ಅರೆಯಿರಿ. ಕಾಳು ಮುರಿದಾಗ ನಡುವೆ ಕಂದು ಉಳಿದಿದ್ದರೆ ಚಿತ್ತಾರದ ಕಪ್ಪೂ ಕಂದಾಗುತ್ತದೆ. ದೋಸೆ ಕಾವಲಿಯಲ್ಲಿ ಹುರಿಯಬೇಡಿ, ಎಣ್ಣೆ ಜಿಡ್ಡು ತಾಗಿದ ಬಣ್ಣ ಮಣ್ಣಿಗೆ ಹಿಡಿಯುವುದಿಲ್ಲ. ಹಳದಿಗೆ ಗುರಿಗೆ ಕಾಯಿ. ಸಿಗದಿದ್ದರೆ ಅರಿಸಿನ ಎಂದು ಕೆಲವರು ಹೇಳುತ್ತಾರೆ, ಬಿಸಿಲಿಗೆ ಬೇಗ ಮಾಸುತ್ತದೆ. ಕುಂಚಕ್ಕೆ ಪುಂಡಿ ನಾರನ್ನು ಮೂರು ಇಂಚು ಕತ್ತರಿಸಿ, ತುದಿ ಜಜ್ಜಿ, ಹಿಡಿ ಕಟ್ಟಿ. ಬಳಸುವ ಮೊದಲು ನೀರಲ್ಲಿ ನೆನೆಸದಿದ್ದರೆ ಗೆರೆ ತುಂಡುತುಂಡಾಗುತ್ತದೆ. ಮಕ್ಕಳಿಗೆ ಹೊರಚೌಕ ನೆಟ್ಟಗೆ ಬರದಿದ್ದರೆ, ನೂಲನ್ನು ಹಿಟ್ಟಿನಲ್ಲಿ ಅದ್ದಿ ಇಬ್ಬರು ಎರಡು ತುದಿ ಹಿಡಿದು, ಮೂರನೆಯವರು ನಡುವೆ ಮೀಟಿ ಬಿಡಲಿ.

ಒಮ್ಮೆಗೇ ಗೋಡೆಗೆ ಹೋಗುವ ಬದಲು ಬುಟ್ಟಿಯಿಂದ ಶುರು ಮಾಡಬಹುದು. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗೆ ಬಳಿಯುವ ಮಣ್ಣು, ಬರೆಯುವ ಗೆರೆ ಇದೇ. ಜಾಗ ಕಿರಿದು, ತಪ್ಪಿದರೆ ಒರೆಸಿ ಮತ್ತೆ ಬಳಿದರಾಯಿತು.

ಪ್ರಶ್ನೆ: ನಮ್ಮ ಹಳೇ ಮನೆ ಕೆಡವುತ್ತಿದ್ದೇವೆ. ಒಳಗೋಡೆಯಲ್ಲಿ ಹಳೆಯ ಚಿತ್ತಾರ ಇದೆ. ಗೋಡೆ ಕತ್ತರಿಸಿ ಉಳಿಸಬಹುದೆ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮಣ್ಣಿನ ಗೋಡೆ ಕತ್ತರಿಸಿದರೆ ಕೈಗೆ ಬರುವುದು ಮಣ್ಣೇ. ದಾಖಲೆ ಮಾಡಿಡಿ. ಹೆಂಚು ಇಳಿಸುವ ಮೊದಲು ಮಾಡಿ, ಒಂದು ಮಳೆ ಬಿದ್ದರೆ ಕತೆ ಮುಗಿಯಿತು. ಬಣ್ಣ ಎದ್ದು ಕಾಣಲಿ ಎಂದು ಗೋಡೆಗೆ ನೀರು ಚಿಮುಕಿಸಬೇಡಿ, ಅಕ್ಕಿ ಬಣ್ಣ ಕರಗುತ್ತದೆ. ಮೊಬೈಲ್ ಸಾಕು, ಆದರೆ ಕೈಯಲ್ಲಿ ಹಿಡಿಯದೆ ಸ್ಟೂಲಿನ ಮೇಲಿಟ್ಟು, ಚಿತ್ತಾರದ ನಡುಮಧ್ಯದ ಎತ್ತರದಲ್ಲಿ, ಗೋಡೆಗೆ ನೇರ ಎದುರಾಗಿ ತೆಗೆಯಿರಿ. ಫ್ಲ್ಯಾಶ್ ಬೇಡ. ಚೌಕಟ್ಟಿನೊಳಗೆ ಶಾಲೆಯ 30 ಸೆಂ.ಮೀ. ಸ್ಕೇಲು ಕಾಣುವಂತಿರಲಿ. ಮೊದಲು ಇಡೀ ಗೋಡೆ, ಆಮೇಲೆ ಎರಡಡಿ ಚೌಕದ ತುಂಡುಗಳು. ಒಂದು ಫೋಟೊದ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರಬೇಕು, ಇಲ್ಲದಿದ್ದರೆ ಜೋಡಿಸಲಾಗದು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಮಾಸಿದ ಎಳೆಗಳ ಉಬ್ಬು ಕಾಣುತ್ತದೆ. ಅದನ್ನೂ ತೆಗೆಯಿರಿ.

ನೆರಳಚ್ಚು ಬೇಕಾದರೆ ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆಯ ತೆಳು ಪ್ಲಾಸ್ಟಿಕ್ ಒಳ್ಳೆಯದು, ಅದರ ಮೇಲೆ ಮಾರ್ಕರ್ ಪೆನ್ನು. ಮೊದಲು ಒಂದು ಮೂಲೆಗೆ ತಾಗಿಸಿ ನೋಡಿ, ಬಿಳಿ ಪ್ಲಾಸ್ಟಿಕ್‌ಗೆ ಅಂಟಿ ಬಂದರೆ ಅಲ್ಲಿಗೇ ಬಿಡಿ. ಹಾಳೆಯ ಮೇಲ್ಭಾಗ ಯಾವುದೆಂದು ಬಾಣ ಹಾಕಿ, ಗೋಡೆ ಮೂಡಣದ್ದೋ ಪಡುವಣದ್ದೋ ಬರೆಯಿರಿ. ಮನೆಯ ಹಿರಿಯರನ್ನು ಗೋಡೆ ಮುಂದೆ ಕೂರಿಸಿ, ಒಂದೊಂದು ವಿನ್ಯಾಸಕ್ಕೆ ಬೆರಳಿಟ್ಟು ಅದರ ಹೆಸರು ಹೇಳಿಸಿ ಧ್ವನಿ ಮುದ್ರಿಸಿಕೊಳ್ಳಿ. ಯಾರ ಮದುವೆಗೆ ಬರೆದದ್ದು ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಬರೆದವರು ಯಾರು, ಅವರ ತವರು ಯಾವುದು, ಯಾರಿಂದ ಕಲಿತರು ಎಂದೂ ಕೇಳಿ, ಪ್ರಿಂಟ್ ಹಾಕಿಸಿದ ಪ್ರತಿ ಫೋಟೊದ ಹಿಂದೆ ಆ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನಿನ ಶಾಯಿ ನಮ್ಮ ಥಂಡಿಗೆ ಹರಡುತ್ತದೆ.